ಬ್ಯಾಣದ ಹಾಸುಗಲ್ಲಿನ ಮೇಲೆ ಸುತ್ತುಸುತ್ತಾಗಿ ಕೊರೆದ ಗುರುತು: ಇದು ಎಂತದು, ಯಾರಿಗೆ ಹೇಳಬೇಕು?

ಬ್ಯಾಣದಮನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರ ತಾಲ್ಲೂಕು. ಊರಿನ ಹೆಸರು ಬೇಕಂತಲೇ ಬರೆದಿಲ್ಲ.

ಮನೆ ಮೇಲಿನ ಬ್ಯಾಣದಲ್ಲಿ, ಅಂದರೆ ದನ ಮೇಯುವ ಹುಲ್ಲುಗಾವಲಿನಲ್ಲಿ, ಒಂದು ದೊಡ್ಡ ಜಂಬಿಟ್ಟಿಗೆ (ಮುರಕಲ್ಲು, ಲ್ಯಾಟರೈಟ್) ಹಾಸುಗಲ್ಲು ಇದೆ. ಚಿಕ್ಕಂದಿನಿಂದ ಓಡಾಡಿದ ಜಾಗ. ಅಲ್ಲಿ ಏನೋ ಗೀರಿದ್ದಾರೆ ಅಂತ ಗೊತ್ತಿತ್ತು, ಆದರೆ ಮಳೆಗಾಲದಲ್ಲಿ ಪಾಚಿ, ಆಮೇಲೆ ಕರಡದ ಹುಲ್ಲು, ಯಾವಾಗಲೂ ಅರ್ಧ ಮುಚ್ಚಿಯೇ ಇರುತ್ತಿತ್ತು. ಈ ಸಲ ಕರಡ ಕೊಯ್ದ ಮೇಲೆ ಸಂಜೆ ಬಿಸಿಲಲ್ಲಿ ಹೋಗಿ ನೋಡಿದರೆ ಇಡೀ ಕಲ್ಲು ಬೇರೆಯೇ ಕಂಡಿತು.

ಒಂದು ದೊಡ್ಡ ಸುತ್ತು ಇದೆ, ಚಕ್ಕುಲಿ ಒತ್ತಿದ ಹಾಗೆ ಗೆರೆಯೊಳಗೆ ಗೆರೆ. ಅಡ್ಡಳತೆ ಸುಮಾರು ನಾಲ್ಕು ಅಡಿ. ಪಕ್ಕದಲ್ಲಿ ಎರಡು ಸಾಲು ಸಣ್ಣ ಗುಳಿ. ಸ್ವಲ್ಪ ಆಚೆ ಕೊಂಬಿರುವ ದನದ ಆಕಾರ, ಹಿಣಿಲು (ಬೆನ್ನ ಮೇಲಿನ ಡುಬ್ಬ) ಸಹ ಕಾಣುತ್ತದೆ. ಅಕ್ಷರ ಒಂದೂ ಇಲ್ಲ. ಊರಿನ ಹಿರಿಯರು ರಕ್ಕಸರು ಗೀರಿದ್ದು ಅನ್ನುತ್ತಾರೆ.

ಈಗ ತಲೆಬಿಸಿ ಶುರುವಾಗಿದೆ. ಕೆಲವರು ಅಲ್ಲಿ ಸಿಮೆಂಟ್ ಕಟ್ಟೆ ಕಟ್ಟಿ, ಶೀಟ್ ಹಾಕಿ ಪೂಜೆ ಶುರು ಮಾಡೋಣ ಅನ್ನುತ್ತಿದ್ದಾರೆ. ಇನ್ನು ಕೆಲವರು ಕೆಳಗೆ ನಿಧಿ ಇದೆ ಅನ್ನುತ್ತಾರೆ. ಪಕ್ಕದ ಗುಡ್ಡದಲ್ಲಿ ಜಂಬಿಟ್ಟಿಗೆ ಕೊಯ್ಯುವ ಮೆಷಿನ್ ಬಂದು ನಿಂತಿದೆ, ಅದು ಇನ್ನೂ ದೊಡ್ಡ ಹೆದರಿಕೆ. ಸರ್ಕಾರದವರಿಗೆ ತಿಳಿಸೋಣ ಅಂದರೆ ಅಪ್ಪ ಬೇಡ ಅನ್ನುತ್ತಾರೆ. ಜಾಗ ಹೋಗುತ್ತದೆ ಅನ್ನುವ ಭಯ.

ಇದು ಎಷ್ಟು ಹಳೆಯದು ಇರಬಹುದು? ಯಾರಿಗೆ ಹೇಳಬೇಕು? ದಯವಿಟ್ಟು ತಿಳಿದವರು ಹೇಳಿ.

ತುಂಗೆದಡ:
ಅಬ್ಬಾ! ಫೋಟೋ ಹಾಕಿ ಮಾರಾಯ್ರೇ, ಕಾಯ್ತಾ ಇದ್ದೇವೆ.

ಸಾಗರದವ:
ಫೋಟೋ ಹಾಕುವ ಮೊದಲು ಒಂದು ನಿಮಿಷ. ಮೊಬೈಲಲ್ಲಿ ತೆಗೆದ ಫೋಟೋದ ಒಳಗೆ ಜಾಗದ ಗುರುತು ಸೇರಿಕೊಂಡಿರುತ್ತದೆ. ಕ್ಯಾಮೆರಾ ಸೆಟ್ಟಿಂಗಿನಲ್ಲಿ ಲೊಕೇಶನ್ ಆಫ್ ಮಾಡಿ ಇನ್ನೊಮ್ಮೆ ತೆಗೆಯಿರಿ. ಹಿಂದಿನ ಗುಡ್ಡದ ಸಾಲು, ಕರೆಂಟ್ ಕಂಬ, ಮನೆ ಮಾಡು ಯಾವುದೂ ಬರಬಾರದು. ನೀವು ಊರಿನ ಹೆಸರು ಬರೆಯದೆ ಇದ್ದದ್ದು ಒಳ್ಳೆಯ ಕೆಲಸ.

ಕೊಪ್ಪದ ಹುಡುಗ:
ಇದು ಗ್ಯಾರಂಟಿ ಶಿಲಾಯುಗದ್ದು. ಹತ್ತು ಸಾವಿರ ವರ್ಷ ಆದರೂ ಆಗಿರುತ್ತದೆ.

ಹಳೆಮೇಷ್ಟ್ರು:
ಕೊಪ್ಪದವರೇ, ಅಷ್ಟು ಅವಸರ ಬೇಡ. ಬಂಡೆ ಮೇಲೆ ಕೊರೆದ ಗೆರೆಗೆ ವಯಸ್ಸು ಹೇಳುವುದು ಬಹಳ ಕಷ್ಟ. ಇದ್ದಿಲು, ಮೂಳೆ ಸಿಕ್ಕರೆ ಪ್ರಯೋಗಾಲಯಕ್ಕೆ ಕಳಿಸಬಹುದು. ಬರೀ ಗೆರೆಯಲ್ಲಿ ಅಂಥದ್ದು ಏನೂ ಇರುವುದಿಲ್ಲ. ಸುತ್ತಮುತ್ತ ಏನು ಸಿಗುತ್ತದೆ, ಗೆರೆ ಎಷ್ಟು ಸವೆದಿದೆ, ಕಲ್ಲಿನ ಉಪಕರಣದಿಂದ ಜಜ್ಜಿದ್ದೋ ಕಬ್ಬಿಣದ ಉಳಿಯಿಂದ ಕೊರೆದದ್ದೋ, ಇದೆಲ್ಲ ನೋಡಿ ಅಂದಾಜು ಮಾಡಬೇಕು.

ಬ್ಯಾಣದಮನೆಯವರೇ, ಮೊದಲು ಆ ಗುಳಿಗಳನ್ನು ಎಣಿಸಿ ಹೇಳಿ. ಸಾಲಿಗೆ ಎಷ್ಟು? ಎಲ್ಲ ಒಂದೇ ಅಳತೆಯಾ? ಮತ್ತೆ ಆ ಸುತ್ತಿನ ಹೊರಬಾಯಿಂದ ಬೆರಳಿಟ್ಟು ದಾರಿ ಹಿಡಿದು ಹೋಗಿ. ನಡುವಿಗೆ ತಲುಪುತ್ತದಾ, ಎಲ್ಲಾದರೂ ಕವಲು ಒಡೆಯುತ್ತದಾ?

ಅಡಿಕೆಕೊನೆ:
ನಾನು ಹೇಳುವುದು ಒಂದೇ ಮಾತು. ಯಾರಿಗೂ ಹೇಳಬೇಡಿ. ಸೊಪ್ಪು ಹೊದಿಸಿ ಸುಮ್ನೆ ಇದ್ದುಬಿಡಿ. ನಮ್ಮ ಕಡೆ ಕಾನಿನೊಳಗೆ (ದಟ್ಟ ಕಾಡಿನೊಳಗೆ) ಒಂದು ವೀರಗಲ್ಲು ಇತ್ತು. ಅದರ ಸುದ್ದಿ ಹೊರಗೆ ಹೋದದ್ದೇ ತಡ, ಅಮಾವಾಸ್ಯೆ ರಾತ್ರಿ ಯಾರೋ ಬಂದು ಬುಡ ಅಗೆದು ಕಲ್ಲನ್ನು ಎರಡು ತುಂಡು ಮಾಡಿ ಹೋದರು. ನಿಂಬೆಹಣ್ಣು, ಕುಂಕುಮ ಎಲ್ಲ ಬಿದ್ದಿತ್ತು. ಸಿಕ್ಕಿದ್ದು ಬರೀ ಮಣ್ಣು. ಹೋದದ್ದು ನಮ್ಮ ಊರಿನ ಕಲ್ಲು. ಇವತ್ತಿಗೂ ಆ ಜಾಗದಲ್ಲಿ ನಿಂತರೆ ಸಿಟ್ಟು ಬರುತ್ತದೆ.

ಶಿಕಾರಿಪುರದ ಅಕ್ಕ:
ಅಡಿಕೆಕೊನೆಯವರ ನೋವು ಅರ್ಥ ಆಗುತ್ತದೆ. ಆದರೆ ಮುಚ್ಚಿಡುವುದಕ್ಕೆ ನಾನು ಒಪ್ಪುವುದಿಲ್ಲ. ದಾಖಲೆ ಇಲ್ಲದ ಕಲ್ಲನ್ನು ಮೆಷಿನ್ ಕೊಯ್ದು ಲೋಡ್ ಮಾಡಿದರೆ ಕೇಳುವವರು ಯಾರು? ಅಲ್ಲಿ ಕೆತ್ತನೆ ಇತ್ತು ಅನ್ನುವುದಕ್ಕೆ ಸಾಕ್ಷಿಯೇ ಇರುವುದಿಲ್ಲ. ಜಾಗದ ವಿವರ ಸಂಬಂಧಪಟ್ಟವರಿಗೆ ಮಾತ್ರ ಗೊತ್ತಿರಲಿ, ಫೇಸ್‌ಬುಕ್‌ಗೆ ಬೇಡ. ಎರಡೂ ಬೇರೆ ಬೇರೆ ಅಲ್ವಾ?

ಅಡಿಕೆಕೊನೆ:
ಸಂಬಂಧಪಟ್ಟವರು ಅಂದರೆ ಯಾರು ಅಕ್ಕ? ನಾವು ಕಲ್ಲು ಒಡೆದಾಗ ಒಂದು ಕಚೇರಿಗೆ ಅರ್ಜಿ ಕೊಟ್ಟೆವು. ತಗೊಂಡರು, ಅಷ್ಟೇ. ಬಂದು ನೋಡಿದವರು ಯಾರೂ ಇಲ್ಲ.

ಶಿಕಾರಿಪುರದ ಅಕ್ಕ:
ಒಂದು ಕಡೆ ಕೊಟ್ಟರೆ ಸಾಲುವುದಿಲ್ಲ. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯ ಇದೆ, ರಾಜ್ಯ ಪುರಾತತ್ವ ಇಲಾಖೆಯದ್ದು. ಅಲ್ಲಿಗೊಂದು. ಇಲಾಖೆಯ ಆಯುಕ್ತರ ಕಚೇರಿ ಮೈಸೂರಿನಲ್ಲಿದೆ, ಅಲ್ಲಿಗೊಂದು. ತಹಶೀಲ್ದಾರರಿಗೆ ಒಂದು ಪ್ರತಿ, ಪಂಚಾಯಿತಿಗೆ ಒಂದು. ಕುವೆಂಪು ವಿಶ್ವವಿದ್ಯಾಲಯದ ಇತಿಹಾಸ ವಿಭಾಗದವರಿಗೂ ಹೇಳಬಹುದು, ಶಂಕರಘಟ್ಟ ದೂರ ಏನಲ್ಲ. ನಾಲ್ಕು ಕಡೆ ಕಾಗದ ಇದ್ದರೆ ನಾಳೆ ಯಾರೂ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ.

ಬ್ಯಾಣದಮನೆ:
ಮೇಷ್ಟ್ರೇ, ಈಗ ಹೋಗಿ ಬಂದೆ. ಗುಳಿ ಸಾಲಿಗೆ ಏಳು, ಎರಡು ಸಾಲು. ಎಲ್ಲ ಒಂದೇ ಅಳತೆ, ಒಂದು ಮುಷ್ಟಿ ಹಿಡಿಯುವಷ್ಟು.

ಸುತ್ತಿನ ವಿಷಯ ಹೇಳಲೇಬೇಕು. ಹೊರಬಾಯಿಂದ ಬೆರಳಿಟ್ಟು ಹೊರಟೆ. ನಡುವಿನ ಹತ್ತಿರ ಹೋಗುತ್ತದೆ, ಮತ್ತೆ ಹೊರಗೆ ತಿರುಗುತ್ತದೆ, ಮತ್ತೆ ಒಳಗೆ. ಎಲ್ಲೂ ಕವಲಿಲ್ಲ. ಕೊನೆಗೆ ನಡುವಿಗೇ ಬಂದು ನಿಂತಿತು. ಒಂದೇ ದಾರಿ.

ತುಂಗೆದಡ:
ಏಳು, ಏಳು, ಹದಿನಾಲ್ಕು! ಅದು ಅಳಗುಳಿ ಮಣೆ! ನಮ್ಮ ಅಜ್ಜಿ ಹುಣಸೆಬೀಜ ಇಟ್ಟುಕೊಂಡು ಆಡುತ್ತಿದ್ದರು. ನಮ್ಮನ್ನು ಗೆಲ್ಲಲು ಬಿಡುತ್ತಲೇ ಇರಲಿಲ್ಲ.

ಸೊರಬ ಸೀಮೆ:
ನಾನು ಮೊದಲೇ ಹೇಳಬೇಕು ಅಂತಿದ್ದೆ. ಇದೆಲ್ಲ ದನ ಕಾಯುವವರ ಕೆಲಸ. ಬ್ಯಾಣದಲ್ಲಿ ಇಡೀ ದಿನ ಕೂರಬೇಕು, ಕೈಯಲ್ಲಿ ಕತ್ತಿ ಇದೆ, ಕಲ್ಲಿನ ಮೇಲೆ ಮಣೆ ಕೊರೆದುಕೊಂಡಿದ್ದಾರೆ. ಹಳೆ ದೇವಸ್ಥಾನಗಳ ಜಗಲಿ ಮೇಲೆ, ಹಂಪಿಯ ಮಂಟಪಗಳಲ್ಲಿ ಎಲ್ಲ ಇಂಥ ಆಟದ ಮನೆಗಳು ಎಷ್ಟು ಬೇಕಾದರೂ ಸಿಗುತ್ತವೆ. ಹುಲಿ ಕುರಿ ಆಟದ್ದೂ ಇರುತ್ತದೆ. ರಹಸ್ಯ ಏನಿಲ್ಲ.

ಹಳೆಮೇಷ್ಟ್ರು:
ಗುಳಿಗಳ ಮಟ್ಟಿಗೆ ಸೊರಬದವರು ಹೇಳಿದ್ದು ಸರಿ. ಆದರೆ ಸುತ್ತು ಆಟದ ಮಣೆ ಅಲ್ಲ. ಒಂದೇ ದಾರಿ, ಕವಲಿಲ್ಲದೆ ಹೊರಗೆ ಒಳಗೆ ಓಡಾಡಿ ನಡುವಿಗೆ ಸೇರುವುದು ಅಂದರೆ ಅದು ಚಕ್ರವ್ಯೂಹದ ಮಾದರಿ. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಗೋಡೆಯಲ್ಲಿ ಅಭಿಮನ್ಯು ವ್ಯೂಹ ಹೊಕ್ಕ ಪಟ್ಟಿಕೆ ಇದೆ. ಅಲ್ಲಿ ವ್ಯೂಹವನ್ನು ಶಿಲ್ಪಿ ಇದೇ ಥರ ಸುತ್ತು ಗೆರೆಯಲ್ಲಿ ತೋರಿಸಿದ್ದಾನೆ. ಅದು 12ನೇ ಶತಮಾನದ ದೇವಸ್ಥಾನ.

ಇನ್ನೊಂದು ಕಡೆ ಗೋವಾ ನೋಡಿ. ಕುಶಾವತಿ ನದಿ ದಡದ ಉಸಗಾಳಿಮಾಳದಲ್ಲಿ ಜಂಬಿಟ್ಟಿಗೆ ಹಾಸಿನ ಮೇಲೆಯೇ ಗೂಳಿ, ಜಿಂಕೆ, ನವಿಲು, ಜೊತೆಗೆ ಇಂಥದ್ದೇ ಸುತ್ತು ಕೊರೆದಿದ್ದಾರೆ. ಅದನ್ನು ಇತಿಹಾಸಪೂರ್ವ ಕಾಲದ್ದು ಅನ್ನುತ್ತಾರೆ. ಊರವರಿಗೆ ಮೊದಲಿಂದ ಗೊತ್ತಿತ್ತು, ಹೊರಗಿನ ವಿದ್ವಾಂಸರ ಗಮನಕ್ಕೆ ಬಂದದ್ದು 1993ರಲ್ಲಿ. ಅಂದರೆ ಒಂದೇ ಆಕಾರವನ್ನು ಬಹಳ ದೂರದ ಕಾಲದವರು ಬೇರೆ ಬೇರೆಯಾಗಿ ಬಳಸಿದ್ದಾರೆ. ಆಕಾರ ನೋಡಿ ವಯಸ್ಸು ಹೇಳಲು ಆಗುವುದಿಲ್ಲ ಅನ್ನುವುದು ಅದಕ್ಕೇ.

ಕೊಪ್ಪದ ಹುಡುಗ:
ನೋಡಿ, ಗೋವಾದಲ್ಲೂ ಗೂಳಿ, ಇಲ್ಲೂ ಹಿಣಿಲು ಇರುವ ದನ. ಅಲ್ಲೂ ಸುತ್ತು, ಇಲ್ಲೂ ಸುತ್ತು. ಅಲ್ಲೂ ಜಂಬಿಟ್ಟಿಗೆ. ಇನ್ನೇನು ಬೇಕು ಮೇಷ್ಟ್ರೇ?

ಸೊರಬ ಸೀಮೆ:
ಹಿಣಿಲು ಇರುವ ದನ ನಮ್ಮ ಕೊಟ್ಟಿಗೆಯಲ್ಲೂ ಇದೆ! ಮಲೆನಾಡು ಗಿಡ್ಡ ನೋಡಿ ಯಾರಾದರೂ ನೂರು ವರ್ಷದ ಹಿಂದೆ ಗೀರಿದ್ದರೂ ಹಾಗೇ ಬರುತ್ತದೆ.

ಕಲ್ಲುಕೆಲಸ:
ನಾನು ಕಲ್ಲಿನ ಕೆಲಸ ಮಾಡುವವ, ರಿಪ್ಪನ್‌ಪೇಟೆ ಕಡೆ. ಒಂದು ವಿಷಯ ಹೇಳುತ್ತೇನೆ. ಜಂಬಿಟ್ಟಿಗೆ ನೆಲದಿಂದ ಎಬ್ಬಿಸಿದಾಗ ಮೆತ್ತಗೆ, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿ. ಮೇಲೆ ತೆರೆದುಕೊಂಡೇ ಇರುವ ಹಾಸು ಚೆನ್ನಾಗಿ ಗಟ್ಟಿಯಾಗಿರುತ್ತದೆ. ದನ ಕಾಯುವವರು ಸುಮ್ನೆ ಹೊತ್ತು ಹೋಗದೆ ನಾಲ್ಕು ಅಡಿ ಸುತ್ತು ಕೊರೆಯುವುದು ಸುಲಭ ಅಲ್ಲ. ಗುಳಿ ಮಾಡಬಹುದು, ಕಲ್ಲಿಂದ ಕುಟ್ಟಿದರೂ ಆಗುತ್ತದೆ. ಸುತ್ತು ಕೊರೆಯಲು ಮೊದಲೇ ಲೆಕ್ಕ ಬೇಕು. ಗೆರೆಗೂ ಗೆರೆಗೂ ಅಂತರ ಸಮ ಇದೆಯಾ ನೋಡಿ.

ಇನ್ನೊಂದು. ಹೊಸದಾಗಿ ಗೀರಿದ ಕಡೆ ಬಣ್ಣ ತಿಳಿಯಾಗಿ, ಕೆಂಪಾಗಿ ಕಾಣುತ್ತದೆ. ಹಳೆಯದು ಉಳಿದ ಕಲ್ಲಿನ ಹಾಗೇ ಕಪ್ಪಾಗಿರುತ್ತದೆ. ಗುಳಿಯ ಒಳಗೂ ಸುತ್ತಿನ ಗೆರೆಯ ಒಳಗೂ ಬಣ್ಣ ಒಂದೇನಾ?

ಬ್ಯಾಣದಮನೆ:
ಅಂತರ ಸಮ ಇದೆ ಅಣ್ಣ, ಅಂಗೈ ಅಗಲಕ್ಕೆ ಸ್ವಲ್ಪ ಕಡಿಮೆ. ಬಣ್ಣ ಕೇಳಿದ್ದು ಒಳ್ಳೆಯದಾಯಿತು. ಗುಳಿಗಳ ಒಳಗೆ ಸ್ವಲ್ಪ ತಿಳಿ, ಅಂಚು ಇನ್ನೂ ಚೂಪಾಗಿದೆ. ಸುತ್ತು ಮತ್ತು ದನದ ಗೆರೆ ಪೂರ್ತಿ ಕಪ್ಪು, ಅಂಚು ಉರುಟಾಗಿದೆ. ಒಂದು ಗುಳಿ ಸುತ್ತಿನ ಹೊರಗೆರೆಯನ್ನು ಕತ್ತರಿಸಿಕೊಂಡು ಕೂತಿದೆ.

ಹಳೆಮೇಷ್ಟ್ರು:
ಇದು ನೋಡಿ ಮುಖ್ಯವಾದ ಮಾತು! ಗುಳಿ ಗೆರೆಯನ್ನು ಕತ್ತರಿಸಿದೆ ಅಂದರೆ ಗೆರೆ ಮೊದಲು, ಗುಳಿ ಆಮೇಲೆ. ಸೊರಬದವರೂ ಸರಿ, ಕೊಪ್ಪದವರ ಆಸೆಗೂ ಜಾಗ ಉಂಟು. ಯಾರೋ ಮೊದಲು ಸುತ್ತು ಕೊರೆದರು. ಎಷ್ಟೋ ಕಾಲದ ನಂತರ ಬೇರೆಯವರು ಅದೇ ಕಲ್ಲಿನ ಮೇಲೆ ಕೂತು ಅಳಗುಳಿ ಮಣೆ ಮಾಡಿಕೊಂಡರು. ಆ ಕತ್ತರಿಸಿದ ಜಾಗದ ಫೋಟೋ ಹತ್ತಿರದಿಂದ ತೆಗೆದಿಡಿ.

ತೀರ್ಥಹಳ್ಳಿ ಸುಮ:
ನಾನು ಬೇರೆ ವಿಷಯ ಹೇಳುತ್ತೇನೆ. ನಮ್ಮ ದೇಶದ ಕೆಲವು ಕಡೆ ಹೆರಿಗೆ ನೋವು ಬಂದವರಿಗೆ ಚಕ್ರವ್ಯೂಹದ ಚಿತ್ರ ತೋರಿಸುವ ಪದ್ಧತಿ ಇತ್ತು. ತಟ್ಟೆಯಲ್ಲಿ ಕೇಸರಿಯಿಂದ ಬರೆದು, ಅದನ್ನು ತೊಳೆದ ನೀರು ಕುಡಿಸುತ್ತಿದ್ದರಂತೆ. ಮಗು ದಾರಿ ಹುಡುಕಿ ಹೊರಗೆ ಬರಲಿ ಅಂತ. ಹಾಗಾಗಿ ಬರೀ ಯುದ್ಧದ ಚಿತ್ರ ಅಂದುಕೊಳ್ಳಬೇಡಿ. ಊರಿನ ಅಜ್ಜಿಯರನ್ನು ಕೇಳಿ ನೋಡಿ, ಗಂಡಸರನ್ನು ಮಾತ್ರ ಕೇಳಿದರೆ ನಿಧಿ, ರಕ್ಕಸ ಇಷ್ಟೇ ಸಿಗುತ್ತದೆ.

ಶಿಕಾರಿಪುರದ ಅಕ್ಕ:
ಸುಮ, ಚೆನ್ನಾಗಿ ಹೇಳಿದೆ. ಆ ಮಾತು ಬರೆದಿಡಬೇಕು. ಕಲ್ಲಿನ ಜೊತೆ ಊರಿನ ಬಾಯಿಮಾತೂ ದಾಖಲೆಯೇ.

ಬೈಕ್ ಮಲ್ನಾಡ್:
ಬ್ರೋ, ನಾವು ಶಿವಮೊಗ್ಗದಿಂದ ಹತ್ತು ಜನ ಭಾನುವಾರ ಬರ್ತೀವಿ. ಕೊಡಚಾದ್ರಿ ಕಡೆ ಹೇಗೂ ಪ್ಲ್ಯಾನ್ ಇದೆ. ಲೊಕೇಶನ್ ಪರ್ಸನಲ್ ಆಗಿ ಕಳಿಸಿ. ನಾವು ಎಲ್ಲೂ ಹಾಕಲ್ಲ.

ಅಡಿಕೆಕೊನೆ:
ದಯವಿಟ್ಟು ಕಳಿಸಬೇಡಿ.

ಸಾಗರದವ:
ಬೈಕ್‌ನವರೇ, ಬೇಜಾರು ಮಾಡಿಕೊಳ್ಳಬೇಡಿ. ನೀವು ಹಾಕದೇ ಇರಬಹುದು. ಹತ್ತು ಜನರಲ್ಲಿ ಒಬ್ಬರು ಹಾಕೇ ಹಾಕುತ್ತಾರೆ. ಆ ಕಲ್ಲಿನ ಮೇಲೆ ಬೂಟು ಕಾಲಲ್ಲಿ ಓಡಾಡಿದರೂ ಗೆರೆಯ ಅಂಚು ಉದುರುತ್ತದೆ. ಹಳೇ ಕಾಲದ ಕಲ್ಲು ನೋಡಲೇಬೇಕು ಅಂದರೆ ಹೊಸನಗರ ತಾಲ್ಲೂಕಿನ ನಗರ ಅನ್ನುವ ಊರಿನ ಹತ್ತಿರದ ನಿಲಸ್ಕಲ್, ಬೈಸೆ ಕಡೆ ಹೋಗಿ. ಎತ್ತರದ ಒಂಟಿ ಚಪ್ಪಡಿಗಳನ್ನು ನೆಲದಲ್ಲಿ ನಿಲ್ಲಿಸಿದ್ದಾರೆ, ಬೃಹತ್ ಶಿಲಾಯುಗದ ಸಂಸ್ಕೃತಿಯದ್ದು. ಹೆರಗಲ್, ಮುಂಬಾರು, ಆರಗ ಗೇಟ್ ಹತ್ತಿರವೂ ಅದೇ ಥರದ್ದು ಇವೆ. ಅವು ಈಗಾಗಲೇ ಪ್ರಕಟವಾದ ಜಾಗಗಳು, ಮುಚ್ಚಿಡುವುದು ಏನಿಲ್ಲ. ಅಲ್ಲೂ ಮುಟ್ಟದೆ ನೋಡಿ.

ಕೊಪ್ಪದ ಹುಡುಗ:
ಅದರಲ್ಲಿ ಸೂರ್ಯನ ವಿಷಯ ಏನೋ ಇದೆ ಅಲ್ವಾ?

ಸಾಗರದವ:
ಹೌದು. ಶ್ರೀಕುಮಾರ್ ಮೆನನ್ ಮತ್ತು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಮಯಾಂಕ್ ವಾಹಿಯಾ ಅವರ ತಂಡ ಅಳತೆ ಮಾಡಿದೆ. ಎರಡೆರಡು ಕಲ್ಲು ಸೇರಿಸಿ ಗೆರೆ ಎಳೆದರೆ ಕೆಲವು ಜೋಡಿಗಳು ಉತ್ತರಾಯಣ, ದಕ್ಷಿಣಾಯನ ತಿರುಗುವ ದಿನದ ಸೂರ್ಯ ಹುಟ್ಟುವ, ಮುಳುಗುವ ದಿಕ್ಕಿಗೆ ನೇರ ಬರುತ್ತವೆ ಅಂತ ತೋರಿಸಿದ್ದಾರೆ. ಜೂನ್ 21ಕ್ಕೆ ನಮ್ಮ ಮಳೆಯಲ್ಲಿ ಸೂರ್ಯ ಎಲ್ಲಿ ಕಾಣುತ್ತಾನೆ! ಡಿಸೆಂಬರ್‌ನಲ್ಲಿ ಹೋಗಿ.

ಕೊಪ್ಪದ ಹುಡುಗ:
ಬ್ಯಾಣದಮನೆಯವರ ಊರು ಅಲ್ಲಿಗೆ ಹತ್ತಿರ ಇದ್ದರೆ ಎರಡಕ್ಕೂ ಸಂಬಂಧ ಇರಬಹುದು.

ಹಳೆಮೇಷ್ಟ್ರು:
ಇರಬಹುದು. ಒಂದೇ ತಾಲ್ಲೂಕಲ್ಲಿದೆ ಅನ್ನುವ ಕಾರಣಕ್ಕೆ ಗಂಟು ಹಾಕಬಾರದು. ಯಾರಾದರೂ ತಿಳಿದವರು ಸುತ್ತಲಿನ ನೆಲ ನಡೆದು ನೋಡಲಿ. ಮಡಕೆ ಚೂರು, ಕಲ್ಲಿನ ಚಕ್ಕೆ, ಕಬ್ಬಿಣ ಕರಗಿಸಿದ ಕಿಟ್ಟ, ಇಂಥವು ಸಿಕ್ಕರೆ ಮಾತಿಗೆ ಬಲ ಬರುತ್ತದೆ. ನೀವಾಗಿ ಅಗೆಯಬೇಡಿ, ಹೆಕ್ಕಿ ಮನೆಗೆ ತರಬೇಡಿ. ಎಲ್ಲಿ ಬಿದ್ದಿದೆಯೋ ಅಲ್ಲೇ ಫೋಟೋ ತೆಗೆಯಿರಿ.

ಮಳೆಕಾಡು:
ಎಲ್ಲರೂ ದೊಡ್ಡದಾಗಿ ಯೋಚಿಸುತ್ತಿದ್ದೀರಿ. ನಾನು ಒಂದು ಸಣ್ಣದು ಹೇಳಲಾ? ಗುಡ್ಡದ ತುದಿಯ ಬಂಡೆ ಮೇಲೆ ಒಂದು ವೃತ್ತ, ನಡುವೆ ಒಂದು ಚುಕ್ಕಿ ಕೊರೆದಿದ್ದರೆ ಅದು ಬ್ರಿಟಿಷರ ಕಾಲದ ಸರ್ವೆ ಗುರುತು. ಬಾಣದ ಗುರುತೂ ಅವರದ್ದೇ. ನಮ್ಮ ಊರಲ್ಲಿ ಅದನ್ನು ಪಾಂಡವರ ಹೆಸರಿಗೆ ಹಾಕಿದ್ದಾರೆ.

ಬ್ಯಾಣದಮನೆ:
ನಮ್ಮಲ್ಲಿ ಹಾಗಿಲ್ಲ, ಚುಕ್ಕಿ ಇಲ್ಲ. ಆದರೆ ತಿಳಿದುಕೊಂಡದ್ದು ಒಳ್ಳೆಯದಾಯಿತು.

ಹಾಲಪ್ಪನ ಮೊಮ್ಮಗ:
ಇಲ್ಲೇ ಇನ್ನೊಂದು ಕೇಳಿಬಿಡುತ್ತೇನೆ. ನಮ್ಮ ಗದ್ದೆ ಅಂಚಲ್ಲಿ ಸೊಂಟದೆತ್ತರದ ಕಲ್ಲು ಇದೆ. ಗಿಡ್ಡ ಮನುಷ್ಯ, ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಚೊಂಬು. ಮೇಲೆ ಸೂರ್ಯ ಚಂದ್ರ. ನಾವು ಭೂತ ಅಂತ ಹಣ್ಣುಕಾಯಿ ಮಾಡುತ್ತೇವೆ.

ಶಿಕಾರಿಪುರದ ಅಕ್ಕ:
ಅದು ವಾಮನ ಮುದ್ರೆ ಕಲ್ಲು. ಚೊಂಬಲ್ಲ, ಕಮಂಡಲ. ಬ್ರಾಹ್ಮಣರಿಗೆ ಭೂಮಿ ದಾನ ಕೊಟ್ಟಾಗ ಗಡಿಗೆ ನೆಡುತ್ತಿದ್ದರು. ಶಿವ ದೇವಸ್ಥಾನದ ಭೂಮಿಗೆ ಲಿಂಗ ಮುದ್ರೆ, ಜೈನ ಬಸದಿಯ ಭೂಮಿಗೆ ಮುಕ್ಕೊಡೆ, ಅಂದರೆ ಒಂದರ ಮೇಲೊಂದು ಮೂರು ಕೊಡೆ. ಸೂರ್ಯ ಚಂದ್ರ ಅಂದರೆ ಅವು ಇರುವವರೆಗೂ ಈ ದಾನ ನಡೆಯಲಿ ಅಂತ. ಅಲ್ಲಿಂದ ಕೀಳಬೇಡಿ. ಅದೇ ಜಾಗದಲ್ಲಿದ್ದರೆ ಮಾತ್ರ ಹಳೆ ದತ್ತಿಯ ಗಡಿ ಎಲ್ಲಿತ್ತು ಅಂತ ತಿಳಿಯುತ್ತದೆ. ಹಣ್ಣುಕಾಯಿ ಮಾಡಿ, ಎಣ್ಣೆ ಬಣ್ಣ ಮಾತ್ರ ಹಚ್ಚಬೇಡಿ.

ಹಾಲಪ್ಪನ ಮೊಮ್ಮಗ:
ಅಯ್ಯೋ, ಇಷ್ಟು ವಿಷಯ ಇತ್ತಾ! ಅಜ್ಜನಿಗೆ ಹೇಳುತ್ತೇನೆ. ಅಕ್ಷರ ಇದೆಯಾ ಅಂತ ಹಿಂದುಗಡೆ ನೋಡಬೇಕು.

ಸಾಗರದವ:
ಅಕ್ಷರ ಇದ್ದರೆ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಪುಟಗಳನ್ನು ನೋಡಿ. ಬಿ.ಎಲ್. ರೈಸ್ ಅವರ ಕಾಲದ್ದು. ಹಳೇ ಶಿವಮೊಗ್ಗ ಜಿಲ್ಲೆಗೆ 7 ಮತ್ತು 8ನೇ ಸಂಪುಟ. ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ 7ರಲ್ಲಿ. ಸೊರಬ, ಸಾಗರ, ನಗರ, ತೀರ್ಥಹಳ್ಳಿ 8ರಲ್ಲಿ. ಈಗಿನ ಹೊಸನಗರದವರು ನಗರ ತಾಲ್ಲೂಕಿನ ಪಟ್ಟಿಯಲ್ಲಿ ಹುಡುಕಬೇಕು. ಊರಿನ ಹೆಸರಿನ ಮೇಲೆ ಸಿಗುತ್ತದೆ. ನೂರು ವರ್ಷದ ಹಿಂದೆಯೇ ಯಾರೋ ಬಂದು ನಿಮ್ಮ ಗದ್ದೆಯ ಕಲ್ಲನ್ನು ಓದಿ ಹೋಗಿರಬಹುದು.

ಸೊರಬ ಸೀಮೆ:
ಎಲ್ಲವೂ ಅದರಲ್ಲಿಲ್ಲ. ತಾಳಗುಂದದಂಥ ತಾಳಗುಂದದಲ್ಲಿ, ಅಷ್ಟು ಜನ ನೋಡಿ ಬರೆದ ಜಾಗದಲ್ಲಿ, ಪ್ರಣವೇಶ್ವರ ದೇವಸ್ಥಾನದ ಹತ್ತಿರ 2013ರಲ್ಲಿ ಅಗೆದಾಗ ಸಿಂಹಕಟಾಂಜನ (ಸಿಂಹದ ಆಕಾರದ ಮೆಟ್ಟಿಲ ಕೈಪಿಡಿ) ಶಾಸನ ಸಿಕ್ಕಿತು. ಅದು ಸುಮಾರು ಕ್ರಿ.ಶ. 370ರದ್ದು, ಹಲ್ಮಿಡಿಗಿಂತ ಹಳೆಯದು ಅನ್ನುವ ಚರ್ಚೆ ಶುರುವಾಯಿತು. ಹಾಗಿದ್ದ ಮೇಲೆ ನಮ್ಮ ಬ್ಯಾಣ, ಕಾನುಗಳಲ್ಲಿ ಇನ್ನೂ ಏನೇನಿದೆಯೋ.

ಶರಾವತಿ ಮುಳುಗಡೆ:
ನಮ್ಮ ಅಜ್ಜನ ಮನೆ ಲಿಂಗನಮಕ್ಕಿ ನೀರಿನಡಿ ಹೋಯಿತು. ಅಣೆಕಟ್ಟು ಮುಗಿದದ್ದು 1964ರಲ್ಲಿ. ಊರು ಬಿಡುವಾಗ ದೇವರ ಕಲ್ಲನ್ನು ಗಾಡಿ ಮೇಲೆ ತಂದರಂತೆ. ಉಳಿದ ಕಲ್ಲು, ಕೆತ್ತನೆ ಯಾರೂ ಬರೆದಿಡಲಿಲ್ಲ. ಬೇಸಿಗೆಯಲ್ಲಿ ನೀರು ಬಹಳ ಇಳಿದಾಗ ಮಡೆನೂರಿನ ಹಳೇ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತದೆ. ಎಲ್ಲರೂ ಅದನ್ನು ನೋಡಲು ಹೋಗುತ್ತಾರೆ. ನಾನು ಹೋದಾಗ ನಮ್ಮ ಊರಿನ ಗುರುತು ಹುಡುಕಿದೆ, ಕೆಸರು ಬಿಟ್ಟು ಏನೂ ಕಾಣಲಿಲ್ಲ. ಅದಕ್ಕೇ ಹೇಳುತ್ತೇನೆ ಬ್ಯಾಣದಮನೆಯವರೇ, ಇವತ್ತೇ ಬರೆದಿಡಿ. ನಿಮಗೆ ಇನ್ನೂ ಕಲ್ಲು ಇದೆ.

ಅಡಿಕೆಕೊನೆ:
ಈ ಮಾತು ಓದಿ ನನಗೂ ಸ್ವಲ್ಪ ಮನಸ್ಸು ಬದಲಾಗುತ್ತಿದೆ. ಬರೆದಿಡುವುದು ಸರಿ. ಆದರೆ ಜಾಗ ಹೋದರೆ ಅನ್ನುವ ಅಪ್ಪನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಕೋರ್ಟ್ ರೋಡ್:
ನಾನು ವಕೀಲ, ಕಾನೂನಿನ ಮಟ್ಟಿಗೆ ಹೇಳುತ್ತೇನೆ. ತಿಳಿಸಿದ ಕೂಡಲೇ ಜಾಗ ಸರ್ಕಾರದ್ದು ಆಗುವುದಿಲ್ಲ. ಸಂರಕ್ಷಿತ ಸ್ಮಾರಕ ಅಂತ ಅಧಿಸೂಚನೆ ಆಗಬೇಕು. ಕೇಂದ್ರದ 1958ರ ಕಾಯ್ದೆಯಲ್ಲಿ ಮೊದಲು ಎರಡು ತಿಂಗಳ ನೋಟಿಸ್ ಇರುತ್ತದೆ, ಆಸಕ್ತರು ಆಕ್ಷೇಪ ಹಾಕಬಹುದು. 100 ಮೀಟರ್ ಒಳಗೆ ಕಟ್ಟಡ ಕಟ್ಟಬಾರದು, ಆಮೇಲಿನ 200 ಮೀಟರ್‌ಗೆ ಅನುಮತಿ ಬೇಕು ಅನ್ನುವುದು 2010ರ ತಿದ್ದುಪಡಿ. ಅದು ಕೇಂದ್ರದ ಸಂರಕ್ಷಿತ ಸ್ಮಾರಕಕ್ಕೆ. ರಾಜ್ಯಕ್ಕೆ ಬೇರೆ 1961ರ ಕಾಯ್ದೆ ಇದೆ. ಮಲೆನಾಡಿನ ಸಾವಿರಾರು ಕಲ್ಲುಗಳು ಯಾವ ಪಟ್ಟಿಯಲ್ಲೂ ಇಲ್ಲದೆ ಗದ್ದೆ ತೋಟಗಳಲ್ಲೇ ಇವೆ, ಮಾಲೀಕರು ಮೊದಲಿನ ಹಾಗೇ ಇದ್ದಾರೆ.

ಬ್ಯಾಣ ಯಾವ ಖಾತೆಯಲ್ಲಿದೆ ಅನ್ನುವುದನ್ನು ಪಹಣಿಯಲ್ಲಿ ನೋಡಿಕೊಳ್ಳಿ. ಸ್ವಂತದ್ದೋ, ಸೊಪ್ಪಿನಬೆಟ್ಟವೋ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು), ಕಂದಾಯ ಭೂಮಿಯೋ ಅನ್ನುವುದರ ಮೇಲೆ ಮಾತು ಬೇರೆ ಆಗುತ್ತದೆ. ನಿಧಿ ಅಂತ ಅಗೆಯುವವರಿಗೆ 1962ರ ಕರ್ನಾಟಕ ನಿಧಿ ಕಾಯ್ದೆ ಇದೆ ಅಂತ ಹೇಳಿ. ನಿಧಿ ಸಿಕ್ಕರೂ ಸರ್ಕಾರಕ್ಕೆ ತಿಳಿಸದೆ ಇಟ್ಟುಕೊಳ್ಳುವ ಹಾಗಿಲ್ಲ.

ಬ್ಯಾಣದಮನೆ:
ತುಂಬ ಉಪಕಾರ ಸರ್. ಇದನ್ನೇ ಅಪ್ಪನಿಗೆ ಓದಿ ಹೇಳುತ್ತೇನೆ. ಕಟ್ಟೆ ಕಟ್ಟುವ ಮಾತಿಗೆ ಏನು ಮಾಡಲಿ? ಅವರೂ ನಮ್ಮವರೇ. ಭಕ್ತಿಯಿಂದಲೇ ಹೇಳುತ್ತಿದ್ದಾರೆ.

ತೀರ್ಥಹಳ್ಳಿ ಸುಮ:
ಜಗಳ ಮಾಡಬೇಡಿ. ನಮ್ಮಲ್ಲಿ ವೀರಗಲ್ಲನ್ನು ಜಟ್ಟಿಗ ಅಂತ, ಸತಿ ಹೋದವರ ನೆನಪಿನ ಮಾಸ್ತಿಕಲ್ಲನ್ನು ಮಾಸ್ತಿಯಮ್ಮ ಅಂತ ಪೂಜೆ ಮಾಡಿದ್ದಕ್ಕೇ ಎಷ್ಟೋ ಕಲ್ಲು ಉಳಿದಿವೆ. ಪೂಜೆ ಬೇಡ ಅನ್ನುವುದಕ್ಕಿಂತ ಕಲ್ಲಿನ ಪಕ್ಕದಲ್ಲಿ, ಮಣ್ಣಿರುವ ಕಡೆ ದೀಪ ಹಚ್ಚೋಣ ಅನ್ನಿ. ಹಾಸಿನ ಮೇಲೆ ಸಿಮೆಂಟ್ ಬೇಡ, ಎಣ್ಣೆ ಬೇಡ, ಕಾಯಿ ಒಡೆಯುವುದು ಬೇಡ. ದೇವರ ಕೆಲಸ ಅಂದುಕೊಂಡರೆ ಊರೇ ಕಾವಲು ನಿಲ್ಲುತ್ತದೆ, ಮೆಷಿನ್‌ನವರೂ ಹತ್ತಿರ ಬರುವುದಿಲ್ಲ.

ಕಲ್ಲುಕೆಲಸ:
ಸುಮಕ್ಕ ಹೇಳಿದ್ದು ಸರಿ. ಶೀಟ್ ಹಾಕಲು ಕಂಬ ನೆಡಬೇಕು, ಅದಕ್ಕೆ ಹಾಸಿನಲ್ಲಿ ತೂತು ಹೊಡೆಯುತ್ತಾರೆ. ಆ ತೂತಿಂದ ನೀರಿಳಿದು ಜಂಬಿಟ್ಟಿಗೆ ಪದರ ಪದರವಾಗಿ ಏಳುತ್ತದೆ. ಇಷ್ಟು ವರ್ಷ ಮಳೆ ತಡೆದ ಕಲ್ಲಿಗೆ ಮಾಡು ಬೇಕಾಗಿಲ್ಲ.

ಬೈಕ್ ಮಲ್ನಾಡ್:
ಸರಿ, ನಾವು ಬರಲ್ಲ. ನಿಲಸ್ಕಲ್‌ಗೆ ಹೋಗ್ತೀವಿ. ಆದರೆ ಒಂದು ಕೇಳ್ತೀನಿ. ಕಲ್ಲಿನ ಮೇಲೆ ಗೀಚಬಾರದು ಅಂತೀರಿ. ಕುಪ್ಪಳಿ ಕವಿಶೈಲದಲ್ಲಿ ಕುವೆಂಪು, ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ ಹೆಸರು ಕೊರೆದಿದೆಯಲ್ಲ?

ಹಳೆಮೇಷ್ಟ್ರು:
ಒಳ್ಳೆಯ ಪ್ರಶ್ನೆ. ಅದು ಅವರ ಮನೆಯ ಮೇಲಿನ ಬಂಡೆ, ಅಲ್ಲಿ ಅಳಿಸಿ ಹೋಗುವಂಥ ಹಳೆಯ ಕೆತ್ತನೆ ಇರಲಿಲ್ಲ. ಅದನ್ನು ನೋಡಿ ಈಗ ಬಂದವರೆಲ್ಲ ತಮ್ಮ ಹೆಸರು ಗೀಚಿದರೆ ಆ ಮೂರು ಹೆಸರೇ ಕಾಣದ ಹಾಗೆ ಆಗುತ್ತದೆ. ಕವಲೇದುರ್ಗದ ಗೋಡೆಗಳನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ.

ಸಾಗರದವ:
ಬ್ಯಾಣದಮನೆಯವರಿಗೆ ಫೋಟೋ ವಿಷಯ ಹೇಳಿ ಮುಗಿಸುತ್ತೇನೆ. ಸೀಮೆಸುಣ್ಣ, ಕುಂಕುಮ, ಹಿಟ್ಟು ತುಂಬಿ ಗೆರೆ ಎದ್ದು ಕಾಣಿಸುವುದು ಬೇಡ. ತುಂಬಿದವರು ತಮಗೆ ಕಂಡ ಹಾಗೆ ತುಂಬುತ್ತಾರೆ, ಕಲ್ಲಿನಲ್ಲಿ ಇದ್ದ ಹಾಗೆ ಅಲ್ಲ. ತಂತಿ ಬ್ರಷ್ ಅಂತೂ ಮುಟ್ಟಿಸಲೇಬಾರದು. ಕಲ್ಲುಹೂವು ಅಂಟಿದ್ದರೂ ಕೆರೆಯಬೇಡಿ. ಮೆತ್ತನೆಯ ಪೊರಕೆಯಲ್ಲಿ ದರಗು ಗುಡಿಸಿದರೆ ಸಾಕು. ಬೆಳಿಗ್ಗೆ ಏಳರ ಒಳಗೆ ಅಥವಾ ಸಂಜೆ ಇಳಿಬಿಸಿಲಲ್ಲಿ ತೆಗೆಯಿರಿ. ಇನ್ನೂ ಚೆನ್ನಾಗಿ ಬೇಕು ಅಂದರೆ ಕತ್ತಲಾದ ಮೇಲೆ ಟಾರ್ಚನ್ನು ನೆಲಕ್ಕೆ ತಾಗಿಸಿ ಒಂದು ಪಕ್ಕದಿಂದ ಬಿಡಿ, ಕಾಣದ ಗೆರೆಯೂ ಎದ್ದು ಬರುತ್ತದೆ. ಪಕ್ಕದಲ್ಲಿ ಅಳತೆಪಟ್ಟಿ ಇಡಿ, ಉತ್ತರ ದಿಕ್ಕಿಗೆ ಒಂದು ಕಡ್ಡಿ ಇಡಿ.

ಆಮೇಲೆ ಕಲ್ಲಿನ ಸುತ್ತ ನಡೆಯುತ್ತಾ ಒಂದರ ಮೇಲೊಂದು ಅರ್ಧಕ್ಕಿಂತ ಜಾಸ್ತಿ ಸೇರುವ ಹಾಗೆ ತುಂಬ ಫೋಟೋ ತೆಗೆದಿಡಿ. ಅವನ್ನು ಸೇರಿಸಿ ಕಂಪ್ಯೂಟರಿನಲ್ಲಿ ಮೂರು ಆಯಾಮದ ರೂಪ ಮಾಡಬಹುದು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ಸ್ಕ್ಯಾನರ್ ಇಟ್ಟು ಮೂರು ಆಯಾಮದಲ್ಲಿ ಉಳಿಸುತ್ತಿದ್ದಾರೆ. ಸ್ಕ್ಯಾನರ್ ಇಲ್ಲದಿದ್ದರೂ ಒಳ್ಳೆಯ ಫೋಟೋ ಇದ್ದರೆ ಹತ್ತು ವರ್ಷ ಬಿಟ್ಟೂ ಕೆಲಸಕ್ಕೆ ಬರುತ್ತದೆ.

ತುಂಗೆದಡ:
ಟಾರ್ಚ್ ಹಿಡಿದು ರಾತ್ರಿ ಹೋಗುವಾಗ ಒಬ್ಬರೇ ಹೋಗಬೇಡಿ ಮಾರಾಯ್ರೇ. ಹಾಸುಗಲ್ಲು ಬಿಸಿ ಇರುತ್ತದೆ ಅಂತ ಹಾವು ಬಂದು ಮಲಗಿರುತ್ತವೆ. ಮಳೆ ಶುರುವಾದರೆ ಉಂಬಳ (ಜಿಗಣೆ) ಬೇರೆ.

ಬ್ಯಾಣದಮನೆ:
ಅಣ್ಣನ ಜೊತೆ ಹೋಗಿ ಬಂದೆ. ಟಾರ್ಚ್ ಬೆಳಕು ಪಕ್ಕದಿಂದ ಬಿಟ್ಟಾಗ ದನದ ಹಿಂದೆ ಇನ್ನೊಂದು ಚಿಕ್ಕ ಆಕಾರ ಕಂಡಿತು. ಕರುವೋ, ನಾಯಿಯೋ ಹೇಳಲಾರೆ. ಹಗಲಲ್ಲಿ ಅದು ಕಂಡೇ ಇರಲಿಲ್ಲ. ಫೋಟೋಗಳನ್ನು ಬೇರೆ ಬೇರೆ ಕಡೆ ಉಳಿಸಿಟ್ಟಿದ್ದೇನೆ.

ಅಪ್ಪ ವಕೀಲರ ಮಾತು ಪೂರ್ತಿ ಕೇಳಿದರು. ಪಹಣಿ ತೆಗೆಸಿ ನೋಡೋಣ, ಆಮೇಲೆ ಅರ್ಜಿ ನಾನೇ ಸಹಿ ಮಾಡುತ್ತೇನೆ ಅಂದರು. ಊರಿನ ಸಭೆಯಲ್ಲಿ ಸುಮಕ್ಕನ ಮಾತು ಇಡುತ್ತೇನೆ. ಹಾಸಿನ ಆಚೆ ಹೊನ್ನೆ ಮರದ ಬುಡದಲ್ಲಿ ದೀಪಕ್ಕೆ ಜಾಗ ಇದೆ.

ಶಿಕಾರಿಪುರದ ಅಕ್ಕ:
ಬಹಳ ಖುಷಿ. ಅರ್ಜಿಯಲ್ಲಿ ಸರ್ವೆ ನಂಬರ್, ಕಲ್ಲಿನ ಅಳತೆ, ಗುಳಿ ಗೆರೆಯನ್ನು ಕತ್ತರಿಸಿರುವುದು, ಹತ್ತಿರ ಕಲ್ಲು ಕೊಯ್ಯುವ ಕೆಲಸ ನಡೆಯುತ್ತಿರುವುದು, ಈ ನಾಲ್ಕನ್ನೂ ಬರೆಯಿರಿ. ಗಣಿ ಮತ್ತು ಭೂವಿಜ್ಞಾನ ಇಲಾಖೆಗೂ ಒಂದು ಪ್ರತಿ ಹಾಕಿ, ಕಲ್ಲು ಕೊಯ್ಯಲು ಅನುಮತಿ ಕೊಡುವವರು ಅವರೇ.

ಅಡಿಕೆಕೊನೆ:
ಕೈಯಲ್ಲಿ ಕೊಟ್ಟರೆ ಸೀಲು ಹಾಕಿದ ಸ್ವೀಕೃತಿ ತಗೊಳ್ಳದೆ ಬರಬೇಡಿ. ಅಂಚೆಯಲ್ಲಾದರೆ ಸ್ಪೀಡ್ ಪೋಸ್ಟ್ ಮಾಡಿ. ಒಂದು ತಿಂಗಳಲ್ಲಿ ಯಾರೂ ಬರದಿದ್ದರೆ ಇಲ್ಲಿ ಹೇಳಿ. ನಾನೇ ನಿಮ್ಮ ಅಪ್ಪನ ಜೊತೆ ಶಿವಮೊಗ್ಗಕ್ಕೆ ಬರುತ್ತೇನೆ, ನಮ್ಮ ವೀರಗಲ್ಲಿನ ಅರ್ಜಿಯನ್ನೂ ಅವತ್ತೇ ಇನ್ನೊಮ್ಮೆ ಕೊಡುತ್ತೇನೆ.